ಮಳೆ ಬಂದರೆ ಟಿವಿ ಹೋಗುತ್ತೆ, ಬೂಸ್ಟರ್ ಹಾಕಿಸಲಾ?

ಪ್ರಶ್ನೆ: ಮಳೆ ಜೋರಾದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆದು ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ಡಿಶ್‌ಗೆ ಬೂಸ್ಟರ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಪ್ರತಿ ಮಳೆಗಾಲ ಇದೇ ಪ್ರಶ್ನೆ, ಪ್ರತಿ ಮಳೆಗಾಲ ಅದೇ ಬೂಸ್ಟರ್ ವ್ಯಾಪಾರ.

ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಮಳೆ ತೊಂದರೆ ಕೊಡುವುದು ಕೊನೆಯ ಕೆಲವೇ ಕಿಲೋಮೀಟರ್‌ಗಳಲ್ಲಿ. ಸಣ್ಣ ಡಿಶ್‌ಗೆ ಬರುವ ‘ಕೆಯು ಬ್ಯಾಂಡ್’ ಎಂಬ ರೇಡಿಯೋ ತರಂಗದ ಉದ್ದ ಸುಮಾರು 2.5 ಸೆಂಟಿಮೀಟರ್. ದಪ್ಪ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಸಾಲದ್ದಕ್ಕೆ ಮಳೆ ತನ್ನದೇ ಒಂದಿಷ್ಟು ರೇಡಿಯೋ ಗದ್ದಲವನ್ನೂ ಸೇರಿಸುತ್ತದೆ.

ಬೂಸ್ಟರ್ ಕೂರುವುದು ಡಿಶ್ ದಾಟಿದ ಮೇಲೆ, ಕೇಬಲ್‌ನಲ್ಲಿ. ಡಿಶ್‌ಗೇ ಬಾರದ ಸಿಗ್ನಲನ್ನು ಅದು ಎಲ್ಲಿಂದ ತರಬೇಕು? ಬಂದ ಸಿಗ್ನಲ್, ಬಂದ ಗದ್ದಲ ಎರಡನ್ನೂ ಒಂದೇ ಸಮ ಹಿಗ್ಗಿಸುತ್ತದೆ, ಅಷ್ಟೇ. ಸೆಟ್‌ಟಾಪ್ ಬಾಕ್ಸ್‌ಗೆ ಬೇಕಾದದ್ದು ಇವೆರಡರ ನಡುವಿನ ಅಂತರ. ಕೇಬಲ್ ತುಂಬಾ ಉದ್ದವಿದ್ದರೆ ಬೂಸ್ಟರ್‌ಗೆ ಕೆಲಸವಿದೆ, ನಿಜ. ಆದರೆ ಆಗ ಬಿಸಿಲಲ್ಲೂ ಟಿವಿ ಸತಾಯಿಸುತ್ತಿರುತ್ತದೆ.

ಹಳೇ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕುಗ್ಗಿದಂತೆ ಚುಕ್ಕೆಗಳು ಜಾಸ್ತಿಯಾಗುತ್ತಿದ್ದವು, ಆದರೂ ಮುಖ ಕಾಣುತ್ತಿತ್ತು. ಡಿಜಿಟಲ್ ಹಾಗಲ್ಲ. ತಪ್ಪುಗಳನ್ನು ತಿದ್ದಿಕೊಳ್ಳುತ್ತಾ ಕೊನೆಯವರೆಗೂ ಸ್ವಚ್ಛವಾಗಿ ತೋರಿಸುತ್ತದೆ, ತಿದ್ದಲಾಗದ ಹಂತ ಬಂದೊಡನೆ ದಿಢೀರನೆ ಕೈಬಿಡುತ್ತದೆ. ನಿಮ್ಮ ಡಿಶ್ ಸ್ವಲ್ಪ ಸೊಟ್ಟಗಿದ್ದರೂ ಬಿಸಿಲಲ್ಲಿ ಗೊತ್ತಾಗದಿರುವುದು ಇದಕ್ಕೇ. 60 ಸೆಂಟಿಮೀಟರ್ ಡಿಶ್ ಒಂದೂವರೆ ಡಿಗ್ರಿ ಜರುಗಿದರೆ ಸಿಗ್ನಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಹಾಗಾಗಿ ಮೊದಲು ಆಕಾಶ ತಿಳಿಯಾಗಿರುವಾಗ ಡಿಶ್‌ನ ದಿಕ್ಕು ಸರಿಮಾಡಿಸಿ, ನೀರು ಹೊಕ್ಕ ಕನೆಕ್ಟರ್ ಇದ್ದರೆ ಬದಲಿಸಿ. ಆಮೇಲೂ ಕಷ್ಟವೆಂದರೆ 90 ಸೆಂಟಿಮೀಟರ್ ಡಿಶ್. ಅದು ಎರಡು ಪಟ್ಟಿಗಿಂತ ಜಾಸ್ತಿ ಸಿಗ್ನಲ್ ಹಿಡಿಯುತ್ತದೆ. ಆದರೂ ಭಾರಿ ಮಳೆಗೆ ಗ್ಯಾರಂಟಿ ಇಲ್ಲ. ಗ್ಯಾರಂಟಿ ಕೊಡುವವನನ್ನು ನಂಬಬೇಡಿ. ಡಿಶ್‌ಗೆ ಎಣ್ಣೆ ಸವರುವುದು, ಅಂಚಿಗೆ ತಟ್ಟೆ ಕಟ್ಟುವುದು ಇವೆಲ್ಲ ಸುಮ್ನೆ. ಮಳೆಯಲ್ಲೇ ಡಿಶ್ ತಿರುಗಿಸಲು ಹೋಗುವವರಿಗೆ ಮಾತ್ರ ನಿಜಕ್ಕೂ ಬೈಯಬೇಕು. ದಿಕ್ಕು ತಪ್ಪಿ ಮಳೆ ನಿಂತ ಮೇಲೂ ಟಿವಿ ಬರುವುದಿಲ್ಲ, ಮೇಲಾಗಿ ಸಿಡಿಲಿನ ಹೊತ್ತಲ್ಲಿ ಚಾವಣಿ ಹತ್ತಿರುತ್ತೀರಿ!

ನಿಮ್ಮಲ್ಲಿ ಮಳೆ ಇಲ್ಲದೆಯೂ ಹೋಯಿತೇ? ಡಿಶ್ ಓರೆಯಾಗಿ ನೋಡುವ ದಾರಿಯಲ್ಲಿ ಮೋಡ ಸುರಿಯುತ್ತಿರಬಹುದು. ಅಥವಾ ಕಾರ್ಯಕ್ರಮವನ್ನು ಉಪಗ್ರಹಕ್ಕೆ ಕಳಿಸುವ ಕೇಂದ್ರದಲ್ಲೇ ಮಳೆ ಇರಬಹುದು.

ಪ್ರಶ್ನೆ: ಪಂದ್ಯದ ನೇರಪ್ರಸಾರದಲ್ಲಿ ಪಕ್ಕದ ಮನೆಯವರು ನಮಗಿಂತ ಮೊದಲೇ ಕೂಗುತ್ತಾರಲ್ಲ?

ಉತ್ತರ: ನೀವು ಮೊಬೈಲ್ ಆ್ಯಪ್‌ನಲ್ಲಿ ನೋಡುತ್ತಿದ್ದೀರಿ, ಅಲ್ವಾ? ಉಪಗ್ರಹಕ್ಕೆ ಹೋಗಿ ಬರಲು ಕಾಲು ಸೆಕೆಂಡ್ ಸಾಕು. ಉಳಿದ ತಡವೆಲ್ಲ ಆ್ಯಪ್‌ಗಾಗಿ ಚಿತ್ರವನ್ನು ಕುಗ್ಗಿಸಿ, ತುಂಡು ಮಾಡಿ, ಕೂಡಿಟ್ಟುಕೊಳ್ಳುವುದರಲ್ಲಿ ಆಗುತ್ತದೆ.

ಪ್ರಶ್ನೆ: ರಾತ್ರಿ ಮಾತ್ರ ದೂರದ ರೇಡಿಯೋ ಕೇಂದ್ರಗಳು ಕೇಳಿಸುವುದೇಕೆ?

ಉತ್ತರ: ಮೀಡಿಯಂ ವೇವನ್ನು ಹಗಲಲ್ಲಿ ಹೀರುವ ವಾತಾವರಣದ ‘ಡಿ’ ಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ಇನ್ನೂ ಮೇಲಿನ ಪದರ ಅದನ್ನು ಬಾಗಿಸಿ ದೂರದ ನೆಲಕ್ಕೆ ಇಳಿಸುತ್ತದೆ. ಎಫ್‌ಎಂಗೆ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ಚಾವಣಿಯ ಡಿಶ್‌ನಿಂದ ವಿಕಿರಣ ಬಂದು ಮಕ್ಕಳಿಗೆ ತೊಂದರೆಯೇ?

ಉತ್ತರ: ಟಿವಿಯ ಡಿಶ್ ಏನನ್ನೂ ಕಳಿಸುವುದಿಲ್ಲ, ಬಂದದ್ದನ್ನು ಹಿಡಿಯುತ್ತದೆ ಅಷ್ಟೇ. ಮುಂದಿನ ಪ್ರಶ್ನೆ ಕಳಿಸಿ.