ಚಿಮಿಣಿ ಎಣ್ಣೆಯ ಬಾಟ್ಲಿ, ಅತ್ತೆಯ ಉಪ್ಪುನೀರು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಮಲ್ಪೆ ಹತ್ತಿರ. ಬಚ್ಚಲ ಒಲೆಗೆ ಬೆಂಕಿ ಹಿಡಿಸಲು ಚಿಮಿಣಿ ಎಣ್ಣೆಯನ್ನು, ಅಂದರೆ ಸೀಮೆಎಣ್ಣೆಯನ್ನು, ಹಳೇ ನೀರಿನ ಬಾಟ್ಲಿಯಲ್ಲಿ ಹಾಕಿಡುವುದು ನಮ್ಮಲ್ಲಿ ಮೊದಲಿನಿಂದಲೂ ಅಭ್ಯಾಸ. ಹೋದ ವಾರ ನನ್ನ ಎರಡು ವರ್ಷದ ಮಗ ಅದನ್ನು ಕುಡಿದುಬಿಟ್ಟ. ಕೊಟ್ಟವಳು ಅವನ ಅಕ್ಕ, ಐದು ವರ್ಷದವಳು. ನೀರು ಅಂದುಕೊಂಡಿದ್ದಳು. ಅತ್ತೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟರು. ನಾನು ಬಿಡಲಿಲ್ಲ. ರಿಕ್ಷಾದಲ್ಲಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಹೊಟ್ಟೆ ತೊಳೆಯಲಿಲ್ಲ, ಮದ್ದೂ ಕೊಡಲಿಲ್ಲ. ಎದೆಯ ಎಕ್ಸ್‌ರೇ ತೆಗೆದು, ಸಂಜೆವರೆಗೆ ಕೂರಿಸಿ ಕಳಿಸಿದರು. "ಸುಮ್ನೆ ಕೂರಲಿಕ್ಕೆ ಆಸ್ಪತ್ರೆ ಯಾಕೆ?" ಅಂತ ಅತ್ತೆಗೆ ಈಗಲೂ ಸಿಟ್ಟು. ಮಗ ಉಂಡು ಆಡಿಕೊಂಡಿದ್ದಾನೆ. ಆದರೆ ನಾನು ರಾತ್ರಿಯೆಲ್ಲ ಅವನ ಉಸಿರು ನೋಡುತ್ತಾ ಕೂರುತ್ತೇನೆ. ಮಗಳು ತಮ್ಮನ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಾಳೆ. ರಜೆಗೆ ಕಾರ್ಕಳದ ತವರಿಗೆ ಹೋಗಬೇಕು. ಅಲ್ಲಿ ಅಡಿಕೆ, ರಬ್ಬರ್ ಎಲ್ಲ ಇದೆ. ಹೋಗಲಿಕ್ಕೇ ಹೆದರಿಕೆ. ಏನು ಮಾಡಲಿ?
— ಹೆಸರು ಬೇಡ, ಮಲ್ಪೆ

ಉತ್ತರ: ಮೊದಲು ನಿಮ್ಮ ನಿದ್ರೆಯ ವಿಷಯ. ಚಿಮಿಣಿ ಎಣ್ಣೆ ಶ್ವಾಸಕೋಶಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ಮೊದಲ ಆರು ಗಂಟೆಯೊಳಗೇ ಗೊತ್ತಾಗುತ್ತದೆ. ಬಿಡದೆ ಕೆಮ್ಮು, ಏದುಸಿರು, ಮಂಪರು, ಬೆನ್ನಿಗೇ ಜ್ವರ. ವಾರ ಕಳೆದ ಮೇಲೂ ಮಗ ಉಂಡು ಆಡುತ್ತಿದ್ದಾನೆ ಅಂದರೆ ಪಾರಾದ ಅಂತಲೇ ಲೆಕ್ಕ. ಆದರೂ ಮನಸ್ಸು ಕೇಳುವುದಿಲ್ಲ, ಅಲ್ವಾ? ಹಾಗಿದ್ದರೆ ಅವನು ನಿದ್ದೆಯಲ್ಲಿರುವಾಗ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಜಾಸ್ತಿ ಇದ್ದರೆ ಮಾತ್ರ ನಾವು ವೇಗದ ಉಸಿರು ಅನ್ನುತ್ತೇವೆ. ಅದಕ್ಕಿಂತ ಕಡಿಮೆ ಇದ್ದರೆ ದೀಪ ಆರಿಸಿ ನೀವೂ ಮಲಗಿ. ಮುಂದೆ ಶೀತ, ಕೆಮ್ಮು ಬಂದಾಗಲೂ ಈ ಎಣಿಕೆ ಉಪಯೋಗಕ್ಕೆ ಬರುತ್ತದೆ.

ಇನ್ನು ಉಪ್ಪುನೀರು. ನೀವು ತಡೆದದ್ದು ನೂರಕ್ಕೆ ನೂರು ಸರಿ. ಮಲ್ಪೆಯವರಿಗೆ ಇದನ್ನು ವಿವರಿಸುವುದು ಸುಲಭ. ಧಕ್ಕೆಯಲ್ಲಿ ಬೋಟಿನ ಎಣ್ಣೆ ಒಂದಿಷ್ಟು ಬಿದ್ದರೂ ನೀರಿನ ಮೇಲೆ ಬಣ್ಣಬಣ್ಣವಾಗಿ ಎಷ್ಟು ದೂರ ಹರಡುತ್ತದೆ ನೋಡಿದ್ದೀರಲ್ಲ? ಶ್ವಾಸಕೋಶದೊಳಗೂ ಚಿಮಿಣಿ ಎಣ್ಣೆ ಹಾಗೇ ಹರಡುತ್ತದೆ. ಹೊಟ್ಟೆಯಲ್ಲಿ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ವಾಂತಿ ಮಾಡಿಸಿದರೆ ಮೇಲೆ ಬರುವಾಗ ದಾರಿ ತಪ್ಪಿ ಉಸಿರಿನ ಕೊಳವೆಗೆ ಇಳಿಯುತ್ತದೆ. ಆಗ ಬರುವುದು ನ್ಯುಮೋನಿಯಾ. ಹೊಟ್ಟೆ ತೊಳೆಯದೆ ಇದ್ದದ್ದೂ ಅದಕ್ಕೇ. ಬೇರೆ ಕೆಲವು ವಿಷಗಳಿಗೆ ಕುಡಿಸುವ ಇದ್ದಿಲಿನ ಪುಡಿಯೂ ಇಲ್ಲಿ ಕೆಲಸಕ್ಕೆ ಬಾರದು. ಹಾಗಾಗಿ ಆ ಡಾಕ್ಟರು ಕೂರಿಸಿ ನೋಡಿದರು. ಸುಮ್ಮನೆ ಕೂರಿಸಿದ್ದಲ್ಲ ಅದು. ಉಸಿರು ಕೆಟ್ಟರೆ ಆಮ್ಲಜನಕ ಕೈಯಳತೆಯಲ್ಲಿ ಇರಲಿ ಅಂತ ಕೂರಿಸಿದ್ದು. ಬಚ್ಚಲ ಪಕ್ಕದಲ್ಲಿ ಆಮ್ಲಜನಕ ಎಲ್ಲಿ ಸಿಗುತ್ತದೆ?

ಉಪ್ಪುನೀರಿನದ್ದೇ ಬೇರೆ ಅಪಾಯವೂ ಇದೆ. ಸಣ್ಣ ಮಗುವಿನ ರಕ್ತದಲ್ಲಿ ಉಪ್ಪಿನಂಶ ಒಮ್ಮೆಲೇ ಏರಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು.

ಅತ್ತೆಯವರ ಮೇಲೆ ಮಾತ್ರ ಸಿಟ್ಟು ಬೇಡ ಮಾರಾಯ್ರೆ. ವಿಷ ಹೊಟ್ಟೆಗೆ ಹೋದರೆ ಮೊದಲು ಹೊರಗೆ ಹಾಕಿಸಬೇಕು ಅಂತ ಒಂದು ಕಾಲದಲ್ಲಿ ಡಾಕ್ಟರುಗಳೇ ನಂಬಿದ್ದರು. ಅಮೆರಿಕದಲ್ಲಿ ವಾಂತಿ ಬರಿಸುವ ಸಿರಪ್ಪನ್ನು ಮಕ್ಕಳಿದ್ದ ಮನೆಗಳಲ್ಲಿ ಇಟ್ಟುಕೊಳ್ಳಿ ಅಂತ ಹೇಳುತ್ತಿದ್ದರು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಅದನ್ನು ಬಿಸಾಡಿ ಅಂದಿತು. ಅತ್ತೆಯವರಿಗೆ ಈ ಕತೆ ಹೇಳಿ. ಸೊಸೆ ಹೇಳಿದ್ದಕ್ಕಿಂತ ಅಮೆರಿಕದವರು ಹೇಳಿದ್ದು ಬೇಗ ಒಪ್ಪಿಗೆಯಾಗುತ್ತದೆ! ಎಣ್ಣೆಯನ್ನು ಎಲ್ಲಿಡಬೇಕು ಅನ್ನುವುದನ್ನೂ ಅವರಿಗೇ ಬಿಡಿ. ತಗಡಿನ ಡಬ್ಬಿಯಲ್ಲಿ ಹಾಕಿ, ಮೇಲಿನ ಗೂಟಕ್ಕೆ ನೇತು ಹಾಕಲಿ. ಕುಡಿಯುವ ಬಾಟ್ಲಿಯಲ್ಲಿ ಮಾತ್ರ ಯಾವತ್ತೂ ಬೇಡ. ಫಿನಾಯಿಲ್, ಪೇಂಟಿನ ಟರ್ಪೆಂಟೈನ್, ಕಕ್ಕಸು ತೊಳೆಯುವ ಆಸಿಡ್, ಎಲ್ಲಕ್ಕೂ ಇದೇ ಮಾತು. ಎರಡು ವರ್ಷದ ಮಗು ಓದುವುದು ಬಾಟ್ಲಿಯ ಆಕಾರವನ್ನು.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಮಗಳ ವಿಷಯ. ಅವಳು ಮಾಡಿದ್ದೇನು? ತಮ್ಮನಿಗೆ ಬಾಯಾರಿಕೆ ಅಂತ ನೀರು ಕೊಟ್ಟಳು. ಆಮೇಲೆ ಮನೆಯವರೆಲ್ಲ ಕಿರುಚಿದ್ದು, ರಿಕ್ಷಾ, ಆಸ್ಪತ್ರೆ, ಎಲ್ಲ ನೋಡಿದಳು. ತಾನು ಮುಟ್ಟಿದರೆ ತಮ್ಮನಿಗೆ ಏನೋ ಆಗುತ್ತದೆ ಅಂತ ಅವಳ ತಲೆಯಲ್ಲಿ ಕೂತಿರಬಹುದು. "ಯಾಕೆ ಕೊಟ್ಟೆ?" ಅಂತ ತಮಾಷೆಗೂ ಯಾರೂ ಕೇಳಬಾರದು. ನೆಂಟರು ಬಂದಾಗ ಅವಳ ಎದುರು ಈ ಕತೆ ಬೇಡವೇ ಬೇಡ. ನೀವೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿ: "ಆ ಬಾಟ್ಲಿಯಲ್ಲಿ ಎಣ್ಣೆ ಇಟ್ಟದ್ದು ದೊಡ್ಡವರು. ನೀನು ತಮ್ಮನಿಗೆ ನೀರು ಕೊಡಲು ಹೋದೆ, ಅಷ್ಟೇ." ಒಂದು ಸಲ ಹೇಳಿದರೆ ಸಾಲದು. ತಮ್ಮನಿಗೆ ಬಾಳೆಹಣ್ಣು ಕೊಡುವ ಕೆಲಸ ಅವಳಿಗೇ ಕೊಡಿ, ನೀವು ಪಕ್ಕದಲ್ಲಿರಿ. ಕೇಳದೆ ಏನೂ ಕೊಡಬಾರದು ಅನ್ನುವ ಪಾಠ ಕೆಲವು ದಿನ ಬಿಟ್ಟು ಹೇಳಿದರಾಯ್ತು. ತಿಂಗಳಾದರೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ.

ಕಾರ್ಕಳಕ್ಕೆ ಖಂಡಿತ ಹೋಗಿ. ಹೋಗುವ ಮೊದಲು ಅಣ್ಣನಿಗೋ ಅಪ್ಪನಿಗೋ ಫೋನ್ ಮಾಡಿ. ಮಳೆಗೆ ಮುಂಚೆ ಅಡಿಕೆಗೆ ಮದ್ದು ಬಿಡಲು ತಂದ ಮೈಲುತುತ್ತು ಚೀಲದಲ್ಲಿ ಜಗಲಿಯ ಮೂಲೆಯಲ್ಲೇ ಇರುತ್ತದೆ. ಆ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆ. ರಬ್ಬರ್ ಹಾಲು ಗಟ್ಟಿ ಮಾಡುವ ಫಾರ್ಮಿಕ್ ಆಸಿಡ್ ಇನ್ನೂ ಕೆಟ್ಟದ್ದು. ಗಂಟಲು, ಅನ್ನನಾಳ ಸುಡುತ್ತದೆ. ಅಲ್ಲೂ ವಾಂತಿ ಮಾಡಿಸಬಾರದು, ಸುಟ್ಟ ಜಾಗ ಎರಡನೇ ಸಲ ಸುಡುತ್ತದೆ. ಬಾಯಿ ತೊಳೆಸಿ ಹೊರಡಬೇಕು. ಕೊಬ್ಬರಿ ಚೂರಿಗೆ ಹಚ್ಚಿಟ್ಟ ಇಲಿ ಪಾಷಾಣ ತಿಂದ ಮಗು ಒಂದೆರಡು ದಿನ ಚೆನ್ನಾಗಿಯೇ ಇದ್ದು, ಆಮೇಲೆ ಲಿವರ್ ಕೆಡುವುದುಂಟು. ಅದಕ್ಕೇ ಚೆನ್ನಾಗಿದ್ದಾನಲ್ಲ ಅಂತ ಕಾಯಬೇಡಿ. ದೇವರ ಕೋಣೆಯ ಕರ್ಪೂರವನ್ನೂ ಎತ್ತಿಡಿ, ತಿಂದ ಅರ್ಧ ಗಂಟೆಯೊಳಗೇ ಫಿಟ್ಸ್ ಬರಬಹುದು. ಅಜ್ಜನ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಂತೂ ಒಂದೇ ಸಾಕು, ಪುಟ್ಟ ಮಗುವಿನ ಸಕ್ಕರೆ ಕುಸಿಯಲು. ಅದು ಗಂಟೆಗಟ್ಟಲೆ ತಡವಾಗಿಯೂ ಕುಸಿಯಬಹುದು. ಫ್ರಿಜ್ಜಿನ ಮೇಲೆ ಇಡುವ ಡಬ್ಬಿ ಬೀಗದೊಳಗೆ ಹೋಗಲಿ.

ಫೋನಿನಲ್ಲಿ ಎರಡು ನಂಬರ್ ಇರಲಿ. ಆಂಬುಲೆನ್ಸ್ 108. ದಿಲ್ಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ್ದು 1800 116 117. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ. ಮಗು ಮಂಪರಾಗಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಫೋನಿಗೆ ಕೂರಬೇಡಿ, ನೇರ ಆಸ್ಪತ್ರೆಗೆ. ಬಟ್ಟೆಗೆ ಎಣ್ಣೆ ಚೆಲ್ಲಿದ್ದರೆ ಬಿಚ್ಚಿ, ಮೈಯನ್ನು ಸೋಪಿನಲ್ಲಿ ತೊಳೆಯಿರಿ. ಬಾಟ್ಲಿ, ಪೊಟ್ಟಣ, ಮಾತ್ರೆಯ ಸ್ಟ್ರಿಪ್ಪು, ಏನಿದೆಯೋ ಅದನ್ನು ಜೊತೆಗೇ ತನ್ನಿ. ಎಷ್ಟು ಉಳಿದಿದೆ ಅಂತ ನೋಡಿಯೇ ನಾವು ಎಷ್ಟು ಒಳಗೆ ಹೋಗಿದೆ ಅಂತ ಲೆಕ್ಕ ಹಾಕುವುದು.