‘ನಿಮ್ಮವರಲ್ಲಿ ಇದು ಮಾಮೂಲಿ’

ಪತ್ರ: ನಾನಿರುವುದು ಡಲ್ಲಾಸ್‌ನಲ್ಲಿ. ಆಫೀಸಿನ ಗೆಳತಿ ಮೆಕ್ಸಿಕೋ ಮೂಲದವಳು. ಮಾಂಸ ಬಿಟ್ಟಿದ್ದಾಳೆ, ದಿನಾ ನಡೆಯುತ್ತಾಳೆ. ಆದರೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿ, ಎಚ್‌ಡಿಎಲ್ ಅಂದರೆ ‘ಒಳ್ಳೆಯ’ ಕೊಲೆಸ್ಟ್ರಾಲ್ ಕಮ್ಮಿ. ‘ನಿಮ್ಮವರಲ್ಲಿ ಇದು ಮಾಮೂಲಿ’ ಅಂದರಂತೆ ಡಾಕ್ಟರು. ನನ್ನ ರಿಪೋರ್ಟೂ ಹಾಗೇ ಇದೆ. ಇಬ್ಬರದೂ ಒಂದೇ ಕಾರಣವಾ?

ಸಂಪಾದಕರ ಉತ್ತರ: ಡಾಕ್ಟರ ಮಾತಿನಲ್ಲಿ ಹುರುಳಿದೆ. ಆದರೆ ಅಷ್ಟಕ್ಕೇ ಬಿಟ್ಟದ್ದು ಸರಿಯಲ್ಲ.

ಮೆಕ್ಸಿಕೋದ ಬಹುಪಾಲು ಜನರ ವಂಶದಲ್ಲಿ ಸ್ಪೇನಿನವರೂ ಇದ್ದಾರೆ, ಅವರಿಗಿಂತ ಸಾವಿರಾರು ವರ್ಷ ಮೊದಲೇ ಅಲ್ಲಿದ್ದ ಮೂಲನಿವಾಸಿಗಳೂ ಇದ್ದಾರೆ. ಮೂಲನಿವಾಸಿಗಳ ಕಡೆಯಿಂದ ಬಂದ ಒಂದು ಜೀನ್ ಬದಲಾವಣೆ ಸ್ವಾರಸ್ಯದ್ದು. ಜೀವಕೋಶದೊಳಗಿನ ಕೊಲೆಸ್ಟ್ರಾಲನ್ನು ಹೊರಗೆ ದಾಟಿಸುವ ಪ್ರೋಟೀನ್ ತಯಾರಾಗುವುದು ಎಬಿಸಿಎ1 ಎಂಬ ಜೀನ್‌ನಿಂದ. ಎಚ್‌ಡಿಎಲ್ ಹುಟ್ಟುವುದೇ ಈ ಕೆಲಸದಿಂದ. ಆ ಪ್ರೋಟೀನಿನ 230ನೇ ಜಾಗದಲ್ಲಿ ಅರ್ಜಿನೈನ್ ಎಂಬ ಅಮೈನೊ ಆಮ್ಲದ ಬದಲು ಸಿಸ್ಟೀನ್ ಎಂಬ ಇನ್ನೊಂದು ಕೂತರೆ ಸಾಗಣೆ ಕುಂಟುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಹಾಗಂತ ಗಾಬರಿ ಬೇಡ. ಮೆಕ್ಸಿಕೋದಲ್ಲೇ ನಡೆದ ಅಧ್ಯಯನದಲ್ಲಿ ಈ ಬದಲಾವಣೆ ಇದ್ದವರಿಗೆ ಹೃದ್ರೋಗ ಹೆಚ್ಚೇನೂ ಕಂಡಿಲ್ಲ. ಎಚ್‌ಡಿಎಲ್ ಒಂದನ್ನೇ ನೋಡಿ ಹೃದಯದ ಭವಿಷ್ಯ ಹೇಳೋದು ನನಗಂತೂ ಒಪ್ಪಿಗೆಯಿಲ್ಲ.

ಟ್ರೈಗ್ಲಿಸರೈಡ್ ಕಥೆ ಬೇರೆ. ರಕ್ತದ ಕೊಬ್ಬನ್ನು ಕರಗಿಸುವ ಕೆಲಸಕ್ಕೆ ನೆರವಾಗುವ ಎಪಿಒಎ5 ಜೀನ್ 11ನೇ ಕ್ರೋಮೋಸೋಮಿನಲ್ಲಿದೆ. ಅದರ ಆಸುಪಾಸಿನ ಬದಲಾವಣೆಗಳು ಮೆಕ್ಸಿಕೋದವರಲ್ಲಿ ಜಾಸ್ತಿ. ಇಲ್ಲಿ ಊಟ-ತಿಂಡಿಯ ಮಾತು ನಡೆಯುತ್ತದೆ, ಆದರೆ ಮಾಂಸ ಬಿಟ್ಟರೆ ಸಾಲದು. ಸಿಹಿ ಪಾನೀಯ, ಬಿಯರ್, ಸೊಂಟದ ಸುತ್ತಳತೆ ನೋಡಬೇಕು. ಟ್ರೈಗ್ಲಿಸರೈಡ್ 500 ಮಿ.ಗ್ರಾಂ/ಡೆ.ಲೀ. ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ. ಲಿವರ್ ಕೂಡ ಪರೀಕ್ಷಿಸಲಿ. ಲಿವರಿನಲ್ಲಿ ಕೊಬ್ಬು ತುಂಬಿಸುವ ಪಿಎನ್‌ಪಿಎಲ್‌ಎ3 ಜೀನ್‌ನ ಬದಲಾವಣೆ ಪತ್ತೆಯಾದದ್ದು ನಿಮ್ಮ ಡಲ್ಲಾಸ್ ಜನರಲ್ಲೇ, 2008ರಲ್ಲಿ. ಅಲ್ಲಿನ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದ) ಜನರ ಜೀನ್ ಪ್ರತಿಗಳಲ್ಲಿ 100ಕ್ಕೆ 49ರಲ್ಲಿ ಅದಿತ್ತು. ಯುರೋಪ್ ಮೂಲದವರಲ್ಲಿ 23.

ಇನ್ನು ‘ನಿಮ್ಮವರು’ ಯಾರು? ಪೋರ್ಟೊರಿಕೊ, ಡೊಮಿನಿಕನ್ ಮೂಲದವರೂ ಅಮೆರಿಕದ ಜನಗಣತಿಯಲ್ಲಿ ಹಿಸ್ಪಾನಿಕ್ಕೇ. ಅವರಲ್ಲಿ ಆಫ್ರಿಕಾದ ಪಾಲು ಜಾಸ್ತಿ, ಹಾಗಾಗಿ ಲಿಪೊಪ್ರೋಟೀನ್-ಎ (ವಂಶದಿಂದ ಬರುವ, ಹೃದ್ರೋಗದ ಅಪಾಯ ಹೆಚ್ಚಿಸುವ ಕೊಲೆಸ್ಟ್ರಾಲ್ ಕಣ) ಹೆಚ್ಚಿರುವ ಸಾಧ್ಯತೆಯೂ ಜಾಸ್ತಿ. ಬ್ರಾಂಕ್ಸ್, ಷಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊಗಳಲ್ಲಿ 2008-11ರಲ್ಲಿ 16,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡ ಅಧ್ಯಯನ ಪ್ರತಿ ಗುಂಪನ್ನೂ ಬೇರೆಬೇರೆಯಾಗಿ ಬರೆದಿಟ್ಟದ್ದು ಇದಕ್ಕೇ.

ನಿಮ್ಮ ವಿಷಯ: ಆ 230ನೇ ಜಾಗದ ಬದಲಾವಣೆ ನಮ್ಮವರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಎಪಿಒಎ5 ಮಾತ್ರ ನಮ್ಮಲ್ಲೂ ಕೈಯಾಡಿಸುತ್ತದೆ. ಸಿಹಿ, ಅನ್ನ ಸ್ವಲ್ಪ ಹಿಡಿತದಲ್ಲಿರಲಿ. ಲಿಪೊಪ್ರೋಟೀನ್-ಎ ಪರೀಕ್ಷೆ ಒಮ್ಮೆ ಮಾಡಿಸಿಬಿಡಿ, ಮಾಮೂಲಿ ಲಿಪಿಡ್ ರಿಪೋರ್ಟಿನಲ್ಲಿ ಅದು ಇರುವುದಿಲ್ಲ.