ಬಿಸಿ ಎಂಜಿನ್‌ಗೂ ಚೋಕ್ ಬೇಕೇ?

ಪ್ರಶ್ನೆ: ನನ್ನ ಹಳೇ ಕಾರಿನ ಎಂಜಿನ್ ಬಿಸಿಯಾದ ಮೇಲೂ ಚೋಕ್ ಸ್ವಲ್ಪ ಎಳೆದಿಡದಿದ್ದರೆ ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಐಡ್ಲಿಂಗ್ ಸ್ಕ್ರೂ ಬಿಗಿ ಮಾಡುತ್ತಾ ಬಂದಿದ್ದೇನೆ. ಮಿಕ್ಸ್‌ಚರ್ ಸ್ಕ್ರೂ ಎತ್ತ ತಿರುಗಿಸಿದರೂ ವ್ಯತ್ಯಾಸವೇ ಇಲ್ಲ. ಕಾರ್ಬುರೇಟರ್ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಕಾರ್ಬುರೇಟರ್ ಎಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಚೋಕ್ ಎಂದರೆ ಎಂಜಿನ್ ತಣ್ಣಗಿರುವಾಗ ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಫ್ಲಾಪ್. ಬಿಸಿ ಎಂಜಿನ್ ಚೋಕ್ ಕೇಳುತ್ತಿದೆ ಎಂದರೆ ಐಡ್ಲಿಂಗ್‌ಗೆ (ಕಾರು ನಿಂತಿದ್ದಾಗ ಎಂಜಿನ್ ನಿಧಾನವಾಗಿ ಓಡುತ್ತಿರುವುದಕ್ಕೆ) ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ನುಸುಳುತ್ತಿದೆ. ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿ ನೀವು ಅದನ್ನು ಮುಚ್ಚಿಟ್ಟಿದ್ದೀರಿ, ಅಷ್ಟೇ. ಥ್ರಾಟಲ್ ಫ್ಲಾಪ್‌ನ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆಯ) ಅಂಚಿಗೆ ಸರಿಯಾಗಿ ಕಾರ್ಬುರೇಟರ್ ಗೋಡೆಯಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ. ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿದಷ್ಟೂ ಈ ಫ್ಲಾಪ್ ತೆರೆಯುತ್ತದೆ. ಅತಿಯಾಗಿ ತೆರೆದರೆ ಎಂಜಿನ್ ಅಲ್ಲಿಂದಲೇ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಐಡ್ಲಿಂಗ್‌ನ ಪೆಟ್ರೋಲ್ ಮಿಶ್ರಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಇರುವುದು ಫ್ಲಾಪ್‌ನ ಕೆಳಗಿನ ತೂತಿಗೆ. ಆಗ ಆ ಸ್ಕ್ರೂವಿನ ಆಟ ನಡೆಯುವುದಿಲ್ಲ.

ಮೊದಲು ಐಡಲ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸುಮಾರು ಅರ್ಧ ಮಿಲಿಮೀಟರ್ ತೂತು. ದುಂಡಗೆ ಬೆಳಕು ಕಾಣಬೇಕು. ಕಟ್ಟಿಕೊಂಡಿದ್ದರೆ ಕ್ಲೀನರ್ ಹಾಕಿ ಗಾಳಿ ಊದಿ. ತಂತಿ ತೂರಿಸಬೇಡಿ, ತೂತು ಹಿಗ್ಗಿದರೆ ಜೆಟ್ ಕೆಟ್ಟಂತೆಯೇ. ಆಮೇಲೆ ಎಂಜಿನ್ ಓಡುತ್ತಿರುವಾಗ ವ್ಯಾಕ್ಯೂಮ್ ಪೈಪ್‌ಗಳನ್ನು (ಎಂಜಿನ್‌ನ ಎಳೆತಕ್ಕೆ ಜೋಡಿಸಿದ ಸಣ್ಣ ರಬ್ಬರ್ ಪೈಪ್‌ಗಳು) ಒಂದೊಂದಾಗಿ ಚಿವುಟಿ ಹಿಡಿಯಿರಿ. ಐಡ್ಲಿಂಗ್ ಸುಧಾರಿಸಿದರೆ ಆ ಪೈಪ್‌ನ ದಾರಿಯಲ್ಲೇ ಲೀಕ್ ಇದೆ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ನೋಡಿ. ಥ್ರಾಟಲ್ ಫ್ಲಾಪ್ ಕೂತಿರುವ ಶಾಫ್ಟ್ ಹಿಡಿದು ಅಲ್ಲಾಡಿಸಿ. ಗಡಗಡ ಎಂದರೆ ಶಾಫ್ಟ್ ಹಿಡಿದಿಡುವ ಬುಷ್ ಸವೆದು ಗಾಳಿ ನುಸುಳುತ್ತಿದೆ, ಯಾವ ಸ್ಕ್ರೂ ತಿರುಗಿಸಿದರೂ ಸರಿಹೋಗದು.

ಪಾಯಿಂಟ್ ಗ್ಯಾಪ್ (ಕಿಡಿಗೆ ಕರೆಂಟ್ ಕಡಿಯುವ ಸಂಪರ್ಕದ ಅಂತರ), ಟೈಮಿಂಗ್ (ಕಿಡಿ ಹೊಡೆಯುವ ಸಮಯ), ವಾಲ್ವ್ ಗ್ಯಾಪ್ ಸರಿ ಇದ್ದರೆ ಮಾತ್ರ ಸೆಟ್ಟಿಂಗ್‌ಗೆ ಕೈಹಾಕಿ. ಎಂಜಿನ್ ಆಫ್ ಇರುವಾಗ ಮಿಕ್ಸ್‌ಚರ್ ಸ್ಕ್ರೂವನ್ನು ಬೆರಳ ತುದಿಯಿಂದ ತಾಗುವಷ್ಟೇ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಬಿಗಿದರೆ ಮೊನೆಯಲ್ಲಿ ಗೆರೆ ಬೀಳುತ್ತದೆ. ಏರ್ ಫಿಲ್ಟರ್ ಹಾಕಿ, ಬಯಲಲ್ಲಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಚೋಕ್ ಪೂರ್ತಿ ಒಳಗೆ ತಳ್ಳಿ, ಐಡ್ಲಿಂಗ್ 800 ಆರ್‌ಪಿಎಂ ಆಸುಪಾಸಿಗೆ ತನ್ನಿ. ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಮಿಕ್ಸ್‌ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ, ಪ್ರತಿಸಲ ಐದಾರು ಸೆಕೆಂಡ್ ಕಾದು, ಆರ್‌ಪಿಎಂ ಏರುವುದು ನಿಲ್ಲುವವರೆಗೆ ಹೊರಗೆ ತಿರುಗಿಸಿ. ಬಳಿಕ ಎಂಜಿನ್ ತುಸು ನಡುಗುವವರೆಗೆ ಒಳಗೆ, ಅಲ್ಲಿಂದ ಕಾಲು ಸುತ್ತು ಹೊರಗೆ. ಐಡ್ಲಿಂಗ್ ಏರಿರುತ್ತದೆ, ಇಳಿಸಿ ಮತ್ತೊಮ್ಮೆ ಮಾಡಿ. ಕೆಲವು ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಗಾಳಿಯನ್ನು ನಿಯಂತ್ರಿಸುತ್ತದೆ. ಅಲ್ಲಿ ಲೆಕ್ಕ ಉಲ್ಟಾ.

ಪ್ರಶ್ನೆ: ಚೋಕ್ ಗುಂಡಿ ಪೂರ್ತಿ ಒಳಗಿದ್ದರೂ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತಿದೆ. ಏಕೆ?

ಉತ್ತರ: ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಗುಂಡಿ ಒಳಗಿದೆ ಎಂದಮಾತ್ರಕ್ಕೆ ಚೋಕ್ ತೆರೆದಿದೆ ಎಂದಲ್ಲ. ಫಿಲ್ಟರ್ ತೆಗೆದು ಮೇಲಿನಿಂದ ನೋಡಿ: ಚೋಕ್ ಫ್ಲಾಪ್ ನೆಟ್ಟಗೆ ನಿಂತು, ಅಂಚು ಮಾತ್ರ ಕಾಣಬೇಕು. ಓರೆಯಾಗಿದ್ದರೆ ಕೇಬಲ್ ಕ್ಲ್ಯಾಂಪ್ ಸಡಿಲಿಸಿ, ಲಿವರ್ ಸ್ಟಾಪ್‌ಗೆ ತಾಗಿರುವಾಗ 1ರಿಂದ 2 ಮಿಲಿಮೀಟರ್ ಸಡಿಲ ಉಳಿಯುವಂತೆ ಬಿಗಿಯಿರಿ. ಗುಂಡಿ ಪೂರ್ತಿ ಎಳೆದಾಗ ಫ್ಲಾಪ್ ಮುಚ್ಚುತ್ತದೆಯೇ ಎಂದೂ ನೋಡಿ. ಫ್ಲಾಪ್ ಸರಿ ಇದ್ದೂ ಮಸಿ ನಿಲ್ಲದಿದ್ದರೆ ಫ್ಲೋಟ್ ಮಟ್ಟ, ನೀಡಲ್ ವಾಲ್ವ್ (ಕಾರ್ಬುರೇಟರ್‌ನೊಳಗಿನ ಪೆಟ್ರೋಲ್ ಮಟ್ಟ ಕಾಯುವ ಭಾಗಗಳು) ಪರೀಕ್ಷಿಸಿ.